ನಾಲ್ಕು ಹನ್ನೆರಡಕ್ಕೆ ಕೂಗಿದವರು ಯಾರು?

ಶುಕ್ರವಾರ ಮಧ್ಯಾಹ್ನ ಮೂರೂಮುಕ್ಕಾಲಿಗೆ ಪೆಸಿಫಿಕ್ ಸಾಗರದ ಆ ದ್ವೀಪ ಕೊನೆಗೂ ವೇಣುಗೋಪಾಲರಿಗೆ ಓಗೊಟ್ಟಿತು. ರೇಡಿಯೊದ ಮೋರ್ಸ್ ಸದ್ದಿನಲ್ಲಿ ಅವರ ಕರೆಸಂಕೇತ, ಅಂದರೆ ಗಾಳಿಯಲ್ಲಿ ಅವರ ಹೆಸರು, ಬಂತು. ಹಿಂದೆಯೇ, ನಿಮ್ಮೊಡನೆ ಆಗಲೇ ಮಾತಾಗಿದೆ ಎಂಬ ಚುಟುಕು ಸಂದೇಶ. ದ್ವೀಪ ಮುಂದಿನವರನ್ನು ಕರೆಯಿತು.

ಮಾತೇ ಆಗಿರಲಿಲ್ಲ.

ಹವ್ಯಾಸಿ ರೇಡಿಯೊದಲ್ಲಿ ಹನ್ನೊಂದು ವರ್ಷದಲ್ಲಿ ವೇಣುಗೋಪಾಲ್ ತೊಂಬತ್ತೊಂಬತ್ತು ದೇಶಗಳನ್ನು ಮುಟ್ಟಿದ್ದರು. ಯಾರೂ ವಾಸಿಸದ ಆ ದ್ವೀಪಕ್ಕೆ ಒಂದು ತಂಡ ಹತ್ತು ದಿನದ ಮಟ್ಟಿಗೆ ಹೋಗಿ ಕೂತಿತ್ತು. ಹವ್ಯಾಸಿಗಳ ಲೆಕ್ಕದಲ್ಲಿ ಅದೂ ಒಂದು ದೇಶ. ಅದೇ ನೂರನೆಯದಾಗಲೆಂದು ಅವರು ಯಶವಂತಪುರದ ಕಾರ್ಖಾನೆಗೆ ರಜೆ ಹಾಕಿ, ಶೆಟ್ಟಿಹಳ್ಳಿಯ ಮನೆಯ ತಾರಸಿಗೆ ಕಟ್ಟಿದ ಒಂದೆಳೆ ತಂತಿಯ ಆಂಟೆನಾವನ್ನು ನಂಬಿ ಕೂಗುತ್ತಿದ್ದರು. ಶನಿವಾರ ಸಂಜೆ ತಂಡ ಗಂಟುಮೂಟೆ ಕಟ್ಟುವುದಿತ್ತು.

ಯಾರ್ಯಾರೊಡನೆ ಮಾತಾಯಿತೆಂದು ತಂಡ ಜಾಲತಾಣದಲ್ಲಿ ಹಾಕುವ ದಾಖಲೆಯನ್ನು ಮೊಬೈಲಿನಲ್ಲಿ ತೆರೆದರು. ಅವರ ಕರೆಸಂಕೇತ ಇತ್ತು. ಗುರುವಾರ, ವಿಶ್ವ ಕಾಲಮಾನ ಹತ್ತು ನಲವತ್ತೆರಡು. ಐದೂವರೆ ಗಂಟೆ ಕೂಡಿಸಿದರೆ ಇಲ್ಲಿ ಸಂಜೆ ನಾಲ್ಕು ಹನ್ನೆರಡು.

ಆ ಹೊತ್ತಿಗೆ ಅವರು ಯಲಹಂಕದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ, ಪಕ್ಕದ ಮನೆ ಬೈರಣ್ಣನ ಸೈಟಿನ ನೋಂದಣಿಗೆ ಸಾಕ್ಷಿಯಾಗಿ ನಿಂತಿದ್ದರು. ಮೆಷಿನ್ನಿಗೆ ಹೆಬ್ಬೆಟ್ಟು ಕೊಟ್ಟ ಸಮಯ ಕಾಗದದ ಮೇಲೇ ಇತ್ತು: ನಾಲ್ಕು ಒಂಬತ್ತು.

"ರಮಾ, ನಿನ್ನೆ ನೀನೇನಾದ್ರೂ ರೇಡಿಯೊ ಮುಟ್ಟಿದ್ಯಾ?"

"ಧೂಳು ಒರೆಸೋಕೇ ಬಿಡಲ್ಲ, ಇನ್ನು ಮುಟ್ಟೋದೆಲ್ಲಿಂದ ಬಂತು?" ಎಂದರು ಹೆಂಡತಿ.

ಕಿಡಿಗೇಡಿಯಾದರೆ ಯಾರ ಸಂಕೇತವನ್ನಾದರೂ ಬಳಸಬಹುದಿತ್ತು. ಆದರೆ ವೇಣುಗೋಪಾಲ್ ನೂರನೆಯದಕ್ಕೆ ಈ ದ್ವೀಪವನ್ನೇ ಕಾಯುತ್ತಿದ್ದಾರೆ ಎಂದು ತಿಳಿದಿದ್ದವರು ಇಬ್ಬರೇ. ಒಬ್ಬರು ರಮಾ. ಇನ್ನೊಬ್ಬರು ಅವರಿಗೆ ಮೋರ್ಸ್ ಕಲಿಸಿದ ಆರ್.ಟಿ. ನಗರದ ಖಾದರ್ ಬಾಷಾ. ಅವರ ಮೂರಂತಸ್ತಿನ ಮನೆಯ ಮೇಲೆ ತಿರುಗುವ ದೊಡ್ಡ ಆಂಟೆನಾ ಇತ್ತು.

ಐದೂವರೆಗೆಲ್ಲ ವೇಣುಗೋಪಾಲ್ ಆ ಮನೆಯಲ್ಲಿದ್ದರು. ಖಾದರ್ ಬಾಷಾರ ಹೆಂಡತಿ ಜೈಬುನ್ನೀಸಾ ಚಹಾ ಕೊಟ್ಟರು. ವೇಣುಗೋಪಾಲ್ ಲೋಟವನ್ನು ಪಕ್ಕಕ್ಕಿಟ್ಟರು. ರೇಡಿಯೊ ಪಕ್ಕದ ದಾಖಲೆ ಪುಸ್ತಕದಲ್ಲಿ ಗುರುವಾರದ ಪುಟ ತಿರುವಿದರು. ಹತ್ತು ಮೂವತ್ತೊಂಬತ್ತಕ್ಕೆ ದ್ವೀಪದ ಹೆಸರು, ಖಾದರ್ ಬಾಷಾರದೇ ಸಂಪರ್ಕ. ಅದರ ಕೆಳಗೆ ಹತ್ತು ನಲವತ್ತೆರಡು. ಹೆಸರಿಲ್ಲ, ಬರೀ ಒಂದು ಟಿಕ್.

"ಖಾದರ್ ಭಾಯ್, ಈ ಟಿಕ್ ಯಾರ್ದು?"

ಖಾದರ್ ಬಾಷಾ ಕನ್ನಡಕ ತೆಗೆದು ಒರೆಸಿದರು. "ಏಳು ದಿನ ನೀನ್ ಕೂಗಿದ್ದು ನಂಗೆ ಇಲ್ಲಿ ಕೇಳಿಸ್ತು ಗುರು, ಅವ್ರಿಗೆ ಕೇಳಿಸ್ಲಿಲ್ಲ. ಗುರುವಾರ ನೀನ್ ಸುಮ್ನಾಗ್ಬಿಟ್ಟೆ. ಸೋತ್‌ಹೋದ ಅನ್ಕೊಂಡೆ. ನಿನ್ ಹೆಸ್ರಲ್ಲಿ ನಾನೇ ಒಂದ್ಸಲ ಕೂಗ್ದೆ. ಇರ್ಲಿ ಬಿಡೋ, ಯಾರಿಗ್ ಗೊತ್ತಾಗತ್ತೆ?"

"ಯಲಹಂಕದ ಮೆಷಿನ್‌ಗೆ ಗೊತ್ತು. ನಾಲ್ಕೂ ಒಂಬತ್ತಕ್ಕೆ ಅಲ್ಲಿ ಹೆಬ್ಬೆಟ್ಟು ಒತ್ತಿದೀನಿ. ಇವತ್ತು ಅವ್ರಿಗೆ ನಾನೇ ಕೇಳಿಸ್ದೆ, ಭಾಯ್. ಆಗ್ಲೇ ಆಗಿದೆ ಅಂತ ಬಿಟ್ಟು ಮುಂದಕ್ಕೆ ಹೋದ್ರು."

ಖಾದರ್ ಬಾಷಾರ ಲೋಟ ಮೇಜಿಗಿಳಿಯಿತು. "ಯಾ ಅಲ್ಲಾ."

ಅಲ್ಲೇ ಕೂತು ಅವರು ತಪ್ಪೊಪ್ಪಿಕೊಂಡು ತಂಡಕ್ಕೆ ಮೇಲ್ ಬರೆದರು. ವೇಣುಗೋಪಾಲ್ ಎರಡು ಸಲ ಓದಿ, ಸಮಯ ಸರಿಯಿದೆಯೇ ನೋಡಿ, ಕಳುಹಿಸಲು ಬಿಟ್ಟರು. ಬೆಳಿಗ್ಗೆ ತಂಡದ ದಾಖಲೆಯಲ್ಲಿ ಆ ಸಾಲು ಇರಲಿಲ್ಲ.

ಶನಿವಾರ ಮೂರು ಗಂಟೆಗೆ ವೇಣುಗೋಪಾಲ್ ಖಾದರ್ ಬಾಷಾರನ್ನು ಶೆಟ್ಟಿಹಳ್ಳಿಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು.

"ನಂಬ್ಕೆ ಇಲ್ವೇನೋ ನನ್ ಮೇಲೆ?"

"ಇಲ್ಲ. ಅಲ್ಲಿದ್ರೆ ನಿಮ್ ಕೈ ಸುಮ್ನಿರಲ್ಲ."

ಒಂದೂವರೆ ಗಂಟೆ ಕೂಗಿದರು. ನಾಲ್ಕು ಮೂವತ್ತೇಳಕ್ಕೆ ಅವರ ಕರೆಸಂಕೇತ ಬಂತು, ಹಿಂದೆಯೇ ಅವರ ಸದ್ದು ಎಷ್ಟು ಚೆನ್ನಾಗಿ ಕೇಳಿಸಿತೆಂಬುದಕ್ಕೆ ಕೊಟ್ಟ ಅಂಕ. ಒಂಬತ್ತು ದಿನದಲ್ಲಿ ದ್ವೀಪ ಇಷ್ಟು ಗಟ್ಟಿಯಾಗಿ ಕೇಳಿಸಿರಲಿಲ್ಲ. ವೇಣುಗೋಪಾಲ್ ಮೊದಲು ಪಕ್ಕಕ್ಕೆ ನೋಡಿದರು. ಖಾದರ್ ಬಾಷಾರ ಎರಡೂ ಕೈ ಚಹಾ ಲೋಟದ ಸುತ್ತ ಇದ್ದವು.

ಆಮೇಲೆಯೇ ಅವರು ಉತ್ತರ ಕಳುಹಿಸಿದ್ದು. ದ್ವೀಪ ಧನ್ಯವಾದ ಹೇಳಿತು. ವೇಣುಗೋಪಾಲ್ ಪುಸ್ತಕದಲ್ಲಿ ಸಮಯ ಬರೆದು, ಅದನ್ನು ಖಾದರ್ ಬಾಷಾರ ಕಡೆಗೆ ಸರಿಸಿದರು.

"ಸಾಕ್ಷಿ ಅಂತ ಸೈನ್ ಹಾಕಿ."

"ಹೆಬ್ಬೆಟ್ಟೂ ಒತ್ಲೇನೋ?"

ವೇಣುಗೋಪಾಲ್ ನಗಲಿಲ್ಲ, ಪೆನ್ನು ಮುಂದೆ ಹಿಡಿದರು.