ರಾಗಿಕಲ್ಲಿನ ಪರೀಕ್ಷೆ

ಆವತ್ತು ಬೆಳಿಗ್ಗೆಯೂ ನಮ್ಮ ಮನೆಯವರು ಕೋಟು ಹಾಕಿಕೊಂಡು ರಾಗಿಕಲ್ಲಿನ ಎದುರಿಗೆ ಮಣೆ ಮೇಲೆ ಕೂತಿದ್ದರು. ನಾನು ಬೀಸುತ್ತಿದ್ದೆ. ನನ್ನ ಸೊಂಟದ ಚೀಲದಲ್ಲಿ ಎಲೆ ಅಡಿಕೆ ಇರಬೇಕಾದ ಕಡೆ ಒಂದು ಜೇಬುಗಡಿಯಾರ ಇತ್ತು.

"ಇನ್ನೊಸಿ ಜೋರಾಗಿ ತಿರುಗ್ಸು ಮಾದೇವಿ. ಬೆಟ್ಟದ ದೊರೆಸಾನಿ ಗಡಿಯಾರ ಅದು."

"ಅವಳನ್ನೇ ಬಂದು ಬೀಸಕ್ಕೇಳಿ. ನನ್ನ ತೋಳು ಬಿದ್ದೋಯ್ತವೆ."

"ಅವಳು ಬೀಸಿದ್ರೆ ಗಡಿಯಾರ ನಿಲ್ಲಲ್ಲ, ಅವಳೇ ನಿಂತೋಯ್ತಾಳೆ" ಅಂದರು. ನಕ್ಕರು. ಮುದ್ದೆ ಉಂಡರು, ಅಂಗಡಿಗೆ ಹೋದರು, ಸಂಜೆ ಬಂದು ಸಾರಿಗೆ ಉಪ್ಪು ಕಮ್ಮಿ ಅಂದರು, ಮಲಗಿದರು. ಅದೇ ಕೊನೆಯ ಪೂರಾ ದಿನ. ಮಾರನೆ ದಿನ ಕಾರ್ಡು ಹಾಕಲು ಹೋದವರು ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಚಪ್ಪಲಿ ಸರಿ ಮಾಡಿಕೊಳ್ಳಲು ಕೂತರು. ಮತ್ತೆ ಏಳಲಿಲ್ಲ.

ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ನಮ್ಮಲ್ಲಿಲ್ಲ. ಬರೆಯಬಹುದು ಅಂದುಕೊಂಡು ಬರೆಯುತ್ತೇನೆ. ನಂಜುಂಡಯ್ಯ. ಕೊಳ್ಳೇಗಾಲದಲ್ಲಿ ಗಡಿಯಾರದ ನಂಜುಂಡಯ್ಯ ಅಂದರೆ ಎಲ್ಲರಿಗೂ ಗೊತ್ತು. ನಾವು ನೇಯುವ ಜನ. ಇವರಿಗೆ ಮಗ್ಗ ಒಗ್ಗಲಿಲ್ಲ. ಕೊಯಮತ್ತೂರಿಗೆ ಹೋಗಿ ಗಡಿಯಾರ ಬಿಚ್ಚುವುದು ಕಲಿತು ಬಂದರು. ಮಗ್ಗವನ್ನು ಮೈದುನ ದೇವಣ್ಣ ನೋಡಿಕೊಂಡ.

ಅವರು ನಡೆಯುವುದು ತುಂಬಿದ ಕೊಡ ಹೊತ್ತವರ ಹಾಗೆ. ಒಂದು ಕೈ ಎದೆ ಮೇಲೆ, ಹೆಜ್ಜೆ ನಿಧಾನ. ಕರಿ ಕೋಟಿನ ಒಳಗೆ ಸಾಲು ಸಾಲು ಜೇಬು, ಎಲ್ಲ ನಾನೇ ಹೊಲಿದದ್ದು. ಒಂದೊಂದರಲ್ಲೂ ಒಂದೊಂದು ಗಡಿಯಾರ. ಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಪಕ್ಕದಲ್ಲಿ ಕೂತರೆ ಜೀರುಂಡೆಗಳ ಪಕ್ಕ ಕೂತ ಹಾಗೆ. ದಾರಿಯಲ್ಲಿ ಯಾರಾದರೂ "ಗಂಟೆ ಎಷ್ಟಾಯ್ತು ನಂಜುಂಡಯ್ಯನೋರೇ?" ಅಂದರೆ, ಕೋಟು ಅಗಲಿಸಿ "ಯಾವ ದೊರೆ ಗಂಟೆ ಹೇಳ್ಲಿ?" ಅನ್ನುತ್ತಿದ್ದರು. ಅವೆಲ್ಲ ಒಂದೇ ಗಂಟೆ ತೋರಿಸುವವರೆಗೆ ಅವರಿಗೆ ನೆಮ್ಮದಿ ಇಲ್ಲ.

ಬಿಳಿ ದೊರೆಗಳು ದೇಶ ಬಿಟ್ಟು ಹೋದರು ಅಂತ ಊರಲ್ಲಿ ಎಲ್ಲರೂ ಅಂದುಕೊಂಡಿದ್ದರು. ಎಲ್ಲರೂ ಹೋಗಿರಲಿಲ್ಲ. ಬಿಳಿಗಿರಿ ಬೆಟ್ಟದ ಕಡೆ, ನೀಲಗಿರಿ ಕಡೆ, ಕಾಫಿ ಟೀ ಹಾಕಿಕೊಂಡು ಅಲ್ಲೇ ಮನೆ ಮಾಡಿದವರು ಉಳಿದಿದ್ದರು. ಮಳೆಗೆ ಕೈಗಡಿಯಾರದ ಪಟ್ಟಿ ಕೊಳೆಯುತ್ತೆ, ಅವರಿಗೆ ಜೇಬುಗಡಿಯಾರವೇ ಬೇಕು. ಇವರು ಮದ್ರಾಸಿನಿಂದ ಹಳೆಯವು ತರಿಸಿ, ಬಿಚ್ಚಿ ತೊಳೆದು, ಸರಿ ಮಾಡಿ, ಅಲ್ಲಿ ದುಡ್ಡು ಕಟ್ಟಿ ಬಿಡಿಸಿಕೊಳ್ಳುವ ವಿ.ಪಿ. ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದರು. ದೊರೆಗಳು ಕಾರ್ಡು ಬರೆಯುವುದು, ಇವರು ಕಳಿಸುವುದು. ಅಷ್ಟು ವರ್ಷದಲ್ಲಿ ಒಬ್ಬ ದೊರೆಯ ಮುಖವನ್ನೂ ಇವರು ನೋಡಲಿಲ್ಲ. ಬೆಟ್ಟವನ್ನೂ ಹತ್ತಲಿಲ್ಲ.

ಪಾರ್ಸೆಲ್ ಮೇಲೆ ಅಂಟಿಸುವ ಚೀಟಿಯದೇ ಒಂದು ಕಥೆ. ನಮ್ಮ ಊರು ಮದ್ರಾಸು ಬಿಟ್ಟು ಮೈಸೂರಿಗೆ ಸೇರುವುದಕ್ಕೆ ಸ್ವಲ್ಪ ಮುಂಚೆ, ಕೊಯಮತ್ತೂರು ಜಿಲ್ಲೆ ಅಂತ ಇಂಗ್ಲಿಷಿನಲ್ಲಿ ರಾಶಿ ಚೀಟಿ ಅಚ್ಚು ಹಾಕಿಸಿದ್ದರು. ಊರು ಸೇರಿತು, ಚೀಟಿ ಉಳಿಯಿತು. ಹೊಸದು ಹಾಕಿಸಲಿಲ್ಲ. ಒಂದೊಂದರ ಮೇಲೂ ಕೊಯಮತ್ತೂರಿಗೆ ಗೀಟು ಎಳೆದು ಮೈಸೂರು ಅಂತ ಬರೆಯುವರು. ಪೋಸ್ಟ್ ಮಾಸ್ಟರ್ ಶಿವನಂಜಯ್ಯನವರು "ಸರ್ಕಾರ ಒಂದೇ ದಿನದಲ್ಲಿ ಮಾಡಿದ್ದನ್ನ ನೀವು ಇನ್ನೂ ಮಾಡ್ತಾನೇ ಇದೀರಲ್ಲ ಸ್ವಾಮಿ" ಅಂತ ರೇಗಿಸುವರು. ಇವರು ತಲೆ ಎತ್ತುತ್ತಿರಲಿಲ್ಲ.

ಇನ್ನು ಪರೀಕ್ಷೆ. ಮೊದಮೊದಲು ದೇವಣ್ಣನ ಮಗ್ಗಕ್ಕೆ ಗಡಿಯಾರ ಕಟ್ಟಿ ನೋಡಿದರು. ಅಲ್ಲಿ ಅದುರುತ್ತದೆ, ಧೂಳಿಲ್ಲ ಅಂದರು. ಒಂದು ದಿನ ನಾನು ಬೀಸುತ್ತಿದ್ದಾಗ ನನ್ನನ್ನೇ ನೋಡುತ್ತ ಕೂತರು. ಹೊಸದಾಗಿ ಮದುವೆಯಾಗಿದ್ದೆ, ಏನೋ ಅಂದುಕೊಂಡೆ. ಗಡಿಯಾರ ತಂದು ಸೊಂಟಕ್ಕೆ ಕಟ್ಟಿದರು. ರಾಗಿಹಿಟ್ಟಿಗಿಂತ ನುಣ್ಣನೆ ಧೂಳಿಲ್ಲ, ಅದು ಒಳಕ್ಕೆ ಹೋಗದಿದ್ದರೆ ಇನ್ಯಾವುದೂ ಹೋಗುವುದಿಲ್ಲ. ದೊರೆ ಕುದುರೆ ಮೇಲೆ ಕೂತರೂ ನನ್ನಷ್ಟು ಅಲುಗಾಡುವುದಿಲ್ಲ. ಇದು ಅವರ ಲೆಕ್ಕ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ಪರೀಕ್ಷೆ. ನಡುವೆ ಒಂದು ದಿನ ತಪ್ಪಿದರೂ ಮುಂದಿನ ಅಮಾವಾಸ್ಯೆಯಿಂದ ಹೊಸದಾಗಿ ಶುರು. ಕೊನೆಯ ದಿನ ಕಿವಿಗಿಟ್ಟು ಕಣ್ಣು ಮುಚ್ಚುವರು. ಸದ್ದು ಕೇಳಬಾರದಂತೆ, ಎರಡು ಸದ್ದಿನ ನಡುವೆ ಸುಮ್ಮನಿರುತ್ತದಲ್ಲ ಅದನ್ನು ಕೇಳಬೇಕಂತೆ. ಅದು ಒಂದೇ ಸಮ ಇದ್ದರೆ "ಓಗ್ಲಿ" ಅನ್ನುವರು. ಅವರು ಓಗ್ಲಿ ಅನ್ನದೆ ಒಂದು ಗಡಿಯಾರವೂ ನಮ್ಮ ಹೊಸಿಲು ದಾಟಲಿಲ್ಲ.

ನಾನು ಯಳಂದೂರಿಗೆ ಅಮ್ಮನ ಮನೆಗೆ ಹೊರಟರೆ ಗಡಿಯಾರವೂ ಜೊತೆಗೆ. "ನಿಮ್ಮಮ್ಮನ ಮನೇಲೂ ರಾಗಿಕಲ್ಲು ಅದೆಯಲ್ಲ" ಅನ್ನುವರು. ನಮ್ಮಮ್ಮ ಕೆಂಪಾಜಮ್ಮ ಬೀದಿ ಹೆಂಗಸರ ಮುಂದೆ "ನಮ್ಮ ಅಳಿಯಂದ್ರಿಗೆ ತಾಳಿ ಕಟ್ಟಿದ್ದು ಸಾಲ್ದು ಕಣ್ರವ್ವ, ಗಡಿಯಾರಾನೂ ಕಟ್ಟವ್ರೆ" ಅಂದು ಮಾನ ಕಳೆದಳು.

ನಮ್ಮ ಬೀದಿಗೆ ಹಿಟ್ಟಿನ ಮಿಲ್ಲು ಬಂತು. ಎಲ್ಲ ಹೆಂಗಸರೂ ಕಲ್ಲು ಬಿಟ್ಟರು. ನಾನು ಬಿಡಲಾಗಲಿಲ್ಲ. ಬೈದಿದ್ದೇನೆ. "ಊರಿಗೆಲ್ಲ ಮಿಲ್ಲು, ನನಗೆ ಮಾತ್ರ ದೊರೆಗಳ ಊಳಿಗ" ಅಂದಿದ್ದೇನೆ. ಬೈಸಿಕೊಂಡು ಕೀ ಕೊಟ್ಟು ತಂದು ಕಟ್ಟುತ್ತಿದ್ದರು.

ಒಂದೇ ಒಂದು ಗಡಿಯಾರ ಪಾಸಾಗಲಿಲ್ಲ. ದಪ್ಪನೆಯದು, ಮುಚ್ಚಳ ಸೊಟ್ಟ. ಬೀಸಲು ಕೂತರೆ ಸ್ವಲ್ಪ ಹೊತ್ತು ಓಡಿ ನಿಲ್ಲುವುದು. ಬಿಚ್ಚಿದರು, ಎಣ್ಣೆ ಬಿಟ್ಟರು, ವರ್ಷಗಟ್ಟಲೆ ಕಟ್ಟಿದರು. ನಿಂತೇ ನಿಂತಿತು. "ಇದು ನಮ್ಮನೇದೇ ಆಯ್ತು ಬಿಡು" ಅಂತ ಮೊಳೆಗೆ ಹಾಕಿದರು.

ಅವರು ಹೋದಾಗ ದೊರೆಸಾನಿಯ ಗಡಿಯಾರ ನನ್ನ ಸೊಂಟದಲ್ಲೇ ಇತ್ತು. ಅಮಾವಾಸ್ಯೆಗೆ ನಾಲ್ಕಾರು ದಿನ ಇತ್ತು. ಸೂತಕದ ಮನೆಯಲ್ಲಿ ರಾಗಿಕಲ್ಲು ತಿರುಗಿಸಬಾರದು. ಪರೀಕ್ಷೆ ತಪ್ಪಿತು. ಆ ದೊರೆಸಾನಿಗೂ ಗಂಡ ಇಲ್ಲ, ತೋಟದಲ್ಲಿ ಆಳುಗಳಿಗೆ ಗಂಟೆ ಹೊಡೆಸಲು ಬೇಕಂತೆ. ಇನ್ನೂ ಬಂದಿಲ್ಲ ಯಾಕೆ ಅಂತ ಕಾರ್ಡು ಬಂತು.

ದೇವಣ್ಣ ಓದಿ ಹೇಳಿದ. "ಚೆನ್ನಾಗಿ ಓಡ್ತಾ ಅದೆ ಅತ್ತಿಗೆ. ಪಾರ್ಸೆಲ್ ಕಟ್ಟಿ ಕಳ್ಸಿಬುಡುವಾ. ಯಾರ್ಗೆ ಗೊತ್ತಾಯ್ತದೆ?"

"ನಂಗೆ ಗೊತ್ತಾಯ್ತದೆ."

"ಇಷ್ಟಕ್ಕೂ ಓಗ್ಲಿ ಅನ್ನಕ್ಕೆ ಅಣ್ಣನೇ ಇಲ್ವಲ್ಲ."

ಇಷ್ಟು ವರ್ಷ ಅವರು ಕಳಿಸಿದ್ದರಲ್ಲಿ ಒಂದೂ ವಾಪಸ್ ಬಂದಿಲ್ಲ. ಕೊನೆಯದು ಬಂದರೆ ಅವರ ಹೆಸರಿಗೆ ಬರುತ್ತದೆ. ಬಿಡಿಸಿಕೊಳ್ಳುವವಳು ನಾನು. ತಡವಾಗುತ್ತದೆ ಅಂತ ದೇವಣ್ಣನ ಕೈಲೇ ದೊರೆಸಾನಿಗೆ ಬರೆಸಿದೆ. ಮುಂದಿನ ಅಮಾವಾಸ್ಯೆಯಿಂದ ಮೊದಲಿನಿಂದ ಕಟ್ಟಿದೆ. ಮನೆಯಲ್ಲಿ ತಿನ್ನುವವರಿರಲಿಲ್ಲ. ಹಿಟ್ಟನ್ನು ದೇವಣ್ಣನ ಮನೆಗೆ ಕೊಟ್ಟೆ.

ತಿಂಗಳು ತುಂಬಿದ ದಿನ ಗಡಿಯಾರವನ್ನು ಕಿವಿಗಿಟ್ಟುಕೊಂಡೆ. ಅಷ್ಟು ವರ್ಷ ಸೊಂಟದಲ್ಲಿ ಹೊತ್ತಿದ್ದೆ, ಕಿವಿಗೆ ಇಟ್ಟಿದ್ದು ಅದೇ ಮೊದಲು. ಬರೀ ಸದ್ದು ಕೇಳಿಸಿತು. ಕೂತೇ ಇದ್ದೆ. ಆಮೇಲೆ ಸದ್ದಿನ ನಡುವಿನದು ಕೇಳಿಸಿತು. ಒಂದೇ ಸಮ ಇತ್ತು.

"ಓಗ್ಲಿ" ಅಂದೆ. ದೇವಣ್ಣ ಆ ಕಡೆ ತಿರುಗಿಕೊಂಡ.

ವಿಳಾಸ ಅವನು ಬರೆದ. ನನಗೆ ಇಂಗ್ಲಿಷು ಬರುವುದಿಲ್ಲ. ಚೀಟಿಯಲ್ಲಿ ಕೊಯಮತ್ತೂರು ಎಲ್ಲಿದೆ ಅಂತ ಕೇಳಿ ಗೀಟು ನಾನೇ ಎಳೆದೆ. ಸೊಟ್ಟಗಾಯಿತು. ದೊರೆಸಾನಿ ಪಾರ್ಸೆಲ್ ಬಿಡಿಸಿಕೊಂಡರು ಅಂತ ಶಿವನಂಜಯ್ಯನವರು ಹೇಳಿ ಕಳಿಸಿದರು. ಅದಾಗಿ ಮೂರು ವರ್ಷ. ವಾಪಸ್ ಬಂದಿಲ್ಲ.

ಕಣ್ಣಿಗೆ ಕಾಣದವರಿಗೂ ಕೆಟ್ಟದ್ದು ಹೋಗಬಾರದು ಅನ್ನುವ ಜನ ಒಂದು ಥರದವರು. ಅದಕ್ಕೆ ಹೆಂಡತಿಯ ತೋಳು ಬಿದ್ದುಹೋದರೂ ಅವರಿಗೆ ಚಿಂತೆಯಿಲ್ಲ. ಒಳ್ಳೆಯ ಮಾತು ಆಡುವುದಿಲ್ಲ, ಸಾರಿಗೆ ಉಪ್ಪು ಕಮ್ಮಿ ಅನ್ನುತ್ತಾರೆ. ಇರುವವರೆಗೆ ಇವರ ಕಾಟ ಯಾವಾಗ ತಪ್ಪುತ್ತದೋ ಅನ್ನಿಸುತ್ತದೆ. ತಪ್ಪಿದ ಮೇಲೆ ಕೈಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ.

ಮಿಲ್ಲು ಬೀದಿಯಲ್ಲೇ ಇದೆ. ನಾನು ಬೆಳಿಗ್ಗೆ ಎದ್ದು ಮುಖ ತೊಳೆದು ಮೊಳೆಯಿಂದ ಆ ದಪ್ಪ ಗಡಿಯಾರ ಇಳಿಸುತ್ತೇನೆ. ಕೀ ಕೊಟ್ಟು ಸೊಂಟಕ್ಕೆ ಕಟ್ಟಿಕೊಂಡು ಕಲ್ಲಿನ ಮುಂದೆ ಕೂರುತ್ತೇನೆ. ಹಿಡಿ ರಾಗಿ ಹಾಕುತ್ತೇನೆ, ತಿರುಗಿಸುತ್ತೇನೆ, ತೆಗೆದು ಕಿವಿಗಿಟ್ಟು ನೋಡುತ್ತೇನೆ. ಓಡುತ್ತಿದ್ದರೆ ಇನ್ನೊಂದು ಹಿಡಿ. ಅದು ನಿಲ್ಲುವವರೆಗೆ ಬೀಸುತ್ತೇನೆ.