ಒಂದು ಕೊಂಡರೆ ಒಂದು ಫ್ರೀ

ಕ್ರಿಸ್ಮಸ್ ಮುಗಿಯಿತೆಂದರೆ ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯವರಿಗೆ ದಾನಬುದ್ಧಿ ಬರುತ್ತದೆ. ಹಬ್ಬಕ್ಕೆ ಮುಂಚೆ ಒಂದು ರೂಪಾಯಿ ಬಿಡದೆ ಮುಖ ಗಂಟಿಕ್ಕಿಕೊಂಡಿದ್ದವರೇ ಈಗ ಬಾಗಿಲಲ್ಲಿ ಮೈಕ್ ಹಿಡಿದು ಮೂರು ಭಾಷೆಯಲ್ಲಿ ಕೂಗುತ್ತಾರೆ, ಒಂದು ನೈಟಿ ಕೊಂಡರೆ ಒಂದು ಫ್ರೀ ಅಂತ. ಹಬ್ಬ ಯಾರದಾದರೇನು, ಮಿಕ್ಕ ಮಾಲು ಊರಿಗೆಲ್ಲ.

ಬಂಗಾರಪೇಟೆಯ ಅಕ್ಕಿ ಗಿರಣಿಯಲ್ಲಿ ಕಸ ಗುಡಿಸುವ ಪಿಳ್ಳಮ್ಮ ಪ್ರತಿವರ್ಷ ಈ ಸೇಲಿಗೆ ಬರುವವಳೇ. ಆದರೆ ಬರುತ್ತಿದ್ದುದು ಅದೇ ಗಿರಣಿಯ, ಊರಿಗಾಂ ಗಣಿಕಾರ್ಮಿಕರ ಲೈನಿನ ಸೆಲ್ವಿಯ ಜೊತೆ. ದುಡ್ಡು ಅರ್ಧರ್ಧ ಹಾಕಿ, ಆಳಿಗೊಂದು ನೈಟಿ ಹಂಚಿಕೊಂಡು, ಆಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಗಿರಣಿಯವರನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ಹೋದ ಶ್ರಾವಣದಲ್ಲಿ ಸೆಲ್ವಿ ಜ್ವರ ಬಂದು ತೀರಿಕೊಂಡಳು. ಪಿಳ್ಳಮ್ಮನಿಗೆ ಮಕ್ಕಳಿಲ್ಲ, ಗಂಡ ಯಾವತ್ತೋ ಬೇರೆ ಸಂಸಾರ ಕಟ್ಟಿಕೊಂಡಿದ್ದ. ಈ ಸಲ ಅವಳಿಗೆ ಬೇಕಿದ್ದದ್ದು ನೈಟಿಯಲ್ಲ, ಪಾಲಿಗೊಬ್ಬಳು.

ರಾಶಿಯ ಮುಂದೆ ಬಟ್ಟೆ ಕೆದಕುತ್ತಿದ್ದ ಒಬ್ಬ ಹೆಂಗಸನ್ನು ಧೈರ್ಯ ಮಾಡಿ ಕೇಳಿದಳು. "ಅಮ್ಮಯ್ಯಾ, ಅರ್ಧರ್ಧ ಆಕ್ಕೊಳಾನಾ? ನಿಂಗೊಂದು, ನಂಗೊಂದು."

"ಊಂ ಅಕ್ಕಾ, ನಂಗೂ ಎರಡ್ಯಾಕೆ?"

ಆ ಹೆಂಗಸು ನೀಲಿ ನೈಟಿಯೊಂದನ್ನು ಪಿಳ್ಳಮ್ಮನ ಭುಜಕ್ಕೆ ಹಿಡಿದು, "ಇದು ನಿಂಗೊಪ್ತದೆ" ಅಂದಳು. ಪಿಳ್ಳಮ್ಮನಿಗೆ ಅಷ್ಟಕ್ಕೇ ಹೊಟ್ಟೆ ತುಂಬಿದ ಹಾಗಾಯಿತು. ದುಡ್ಡು ಕೊಟ್ಟು ಹೊರಗೆ ಬಂದ ಮೇಲೆ, "ಬಾ, ಆ ಮೂಲೆ ಅಂಗಡೀಲಿ ಟೀ ಕುಡ್ಯಾನ" ಎಂದು ಕರೆದಳು.

"ಬತ್ತೀನಕ್ಕಾ," ಎಂದು ನಕ್ಕು ಅವಳು ಜನರೊಳಗೆ ಸೇರಿಹೋದಳು.

ಪಿಳ್ಳಮ್ಮ ಮೂಲೆ ಅಂಗಡಿಗೆ ಹೋಗಿ ಎರಡು ಟೀ ಹೇಳಿ ಕೂತಳು.

ನಮ್ಮ ಕಡೆ ಎದ್ದು ಹೊರಟವರು ಯಾರೂ ಹೋಗ್ತೀನಿ ಅನ್ನುವುದಿಲ್ಲ, ಅದು ಅಪಶಕುನ. ಮತ್ತೆ ಮುಖ ತೋರಿಸದವರೂ ಬತ್ತೀನಿ ಎಂದೇ ಹೋಗುವುದು. ಹುಟ್ಟಿದಾಗಿನಿಂದ ತಾನೂ ಹಾಗೇ ಹೇಳಿಕೊಂಡು ಬಂದ ಪಿಳ್ಳಮ್ಮ ಇವತ್ತು ಮಾತ್ರ ಆ ಮಾತನ್ನು ಇದ್ದ ಹಾಗೇ ನಂಬಿದಳು. ನಂಬಬೇಕೆಂಬ ಆಸೆ ಅಷ್ಟಿತ್ತು, ಪಾಪ.

ತನ್ನ ಟೀ ಮುಗಿಯಿತು. ಪಕ್ಕದ ಲೋಟದಲ್ಲಿ ಕೆನೆ ಕಟ್ಟಿತು. ಟೀ ಅಂಗಡಿಯ ಆರುಮುಗಂ ಎರಡು ಸಲ ನೋಡಿ ಕೇಳಿದ. "ಯಾರಾದ್ರೂ ಬರ್ಬೇಕಾಮ್ಮಾ?"

"ಊಂನಪ್ಪಾ. ನಮ್ಮೋಳೇ. ಬತ್ತೀನಿ ಅಂದ್ಲು."

"ಎಸರೇಳಮ್ಮಾ, ಕೂಗ್ತೀನಿ."

ಪಿಳ್ಳಮ್ಮ ತಬ್ಬಿಬ್ಬಾದಳು. ಬಣ್ಣ ಕೇಳಿದ್ದಳು, ಅಳತೆ ಕೇಳಿದ್ದಳು, ಹೆಸರು ಕೇಳಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ. ಬಾಯಿಗೆ ಬಂದ ಹೆಸರು ಹೇಳಿಬಿಟ್ಟಳು.

"ಪಿಳ್ಳಮ್ಮ."

ಆರುಮುಗಂ ರಸ್ತೆಗಿಳಿದು ಗಂಟಲು ಬಿಟ್ಟು ಕೂಗಿದ. "ಪಿಳ್ಳಮ್ಮಾ! ಏ ಪಿಳ್ಳಮ್ಮಾ! ಟೀ ಆರೋಗ್ತದೆ, ಬಾರಮ್ಮಾ!"

ಯಾರೂ ತಿರುಗಿ ನೋಡಲಿಲ್ಲ. ಗಿರಣಿಯಲ್ಲಿ ಅವಳು ಏಯಮ್ಮಾ, ಬಸ್ಸಿನಲ್ಲಿ ಮುಂದಕ್ಕೋಗಮ್ಮಾ. ಸೆಲ್ವಿ ಹೋದ ಮೇಲೆ ಹೆಸರು ಹಿಡಿದು ಕರೆದವನು ಇವನೇ ಮೊದಲು. ಓ ಎಂದುಬಿಡುವವಳಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇಲ್ವಲ್ಲಮ್ಮಾ," ಎಂದು ಆರುಮುಗಂ ವಾಪಸು ಬಂದ.

"ಕೇಳಿಸಿಲ್ವೇನೋ," ಅಂದಳು ಪಿಳ್ಳಮ್ಮ. "ಇನ್ನೊಂದ್ಸಲ ಕೂಗಪ್ಪಾ."