ಮೂರು ಮಡಿಕೆಯ ಫ್ರಾಕು

ಅಳತೆ ಇಲ್ಲದೆ ಟೈಲರಮ್ಮ ಕತ್ತರಿ ಮುಟ್ಟಿದವಳಲ್ಲ. ಕಟ್ಟಿಕೊಂಡ ಗಂಡನೇ "ಅಂದಾಜಿಗೆ ಹೊಲಿಯೇ ಮಾರಾಯ್ತಿ" ಅಂದರೂ, ಅವನನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿಯುತ್ತಿದ್ದಳು. ಅಕ್ಕಪಕ್ಕದ ಬೀದಿಗಳ ಶಾಲಾಮಕ್ಕಳ ಯೂನಿಫಾರ್ಮೆಲ್ಲ ಅವಳ ಮನೆಯ ಮುಂಕೋಣೆಯಲ್ಲೇ ತಯಾರಾಗುತ್ತಿತ್ತು. ಅಂಥವಳಿಗೆ ಈಗ ಅಳತೆಯೇ ಇಲ್ಲದ ಗಿರಾಕಿಯೊಬ್ಬಳು ಗಂಟುಬಿದ್ದಿದ್ದಳು.

ಗಿರಾಕಿ ಎಂದರೆ ತಂಗಿ ಮತ್ತು ಅವಳ ಗಂಡ ದತ್ತು ತೆಗೆದುಕೊಳ್ಳಲಿದ್ದ ಹೆಣ್ಣುಮಗು. ವಯಸ್ಸು ಒಂದರ ಆಸುಪಾಸು. ಫೋಟೋದಲ್ಲಿ ಕಂಡದ್ದು ಬರೀ ಮುಖ, ಅದೂ ಮುನಿಸಿಕೊಂಡ ಮುಖ. ಭಾನುವಾರ ಮಗು ಮನೆಗೆ ಬರುತ್ತದೆ ಎಂದು ತಂಗಿ ಫೋನಿನಲ್ಲಿ ಪಿಸುಗುಟ್ಟಿದ್ದಳು. ಜೋರಾಗಿ ಹೇಳಿದರೆ ಎಲ್ಲಿ ಕೈತಪ್ಪುತ್ತದೋ ಎಂಬ ಭಯ.

"ಅಕ್ಕಾ, ದಮ್ಮಯ್ಯ ಅಂತೀನಿ, ಏನೂ ಹೊಲೀಬೇಡ. ಹೋದ ಸಲ ನೀನು ಅಳತೆ ತರಿಸ್ಕೊಂಡು ಹೊಲಿದ ಅಂಗಿ ಇನ್ನೂ ಬೀರುನಲ್ಲಿದೆ, ಮಗು ಮಾತ್ರ ಬರ್ಲಿಲ್ಲ. ನಾಳೆ ಅನ್ನೋದನ್ನ ಯೋಚ್ನೆ ಮಾಡೋದೇ ಬಿಟ್ಟಿದೀನಿ ನಾನು."

"ಆಯ್ತು ಬಿಡು," ಎಂದು ಟೈಲರಮ್ಮ ಫೋನಿಟ್ಟಳು. ಇಟ್ಟವಳೇ ಬಟ್ಟೆ ಹುಡುಕಲು ಹೊರಟಳು. ತಂಗಿಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡದಿದ್ದರೆ ಅಕ್ಕನಾಗಿ ಹುಟ್ಟಿ ಏನು ಪ್ರಯೋಜನ?

ಮೆತ್ತನೆಯ ಹಳದಿ ಬಟ್ಟೆ ಸಿಕ್ಕಿತು. ಆದರೆ ಅಳತೆ? ಬಾಯಿಗೆ ಬಿಡುವಿಲ್ಲದ್ದಕ್ಕೆ ವಟವಟ ಎಂದೇ ಹೆಸರಾದ ಮಗಳೂ, ಗುಂಡಗಿರುವುದಕ್ಕೆ ಗುಂಡನಾದ ಮಗನೂ ಸಲಹೆ ಕೊಡಲು ಓಡಿಬಂದರು. ಗುಂಡ ಒಂದು ದಿಂಬನ್ನು ಎತ್ತಿಕೊಂಡೇ ಬಂದಿದ್ದ.

"ಇದೇ ಪಾಪು. ಅಳತೆ ತಗೋ."

"ಕಾಲೆಲ್ಲೋ ಇದಕ್ಕೆ?" ಎಂದಳು ಟೈಲರಮ್ಮ.

"ಮಡಚ್ಕೊಂಡು ಮಲಗಿದಾಳೆ."

ವಟವಟ ಮೂಗು ಮುರಿದಳು. "ಅಮ್ಮಾ, ಯೂನಿಫಾರ್ಮಿಗೆ ಮಾಡ್ತೀಯಲ್ಲ, ಹಾಗೇ ಮಾಡು. ಉದ್ದಕ್ಕೆ ಹೊಲಿದು ಕೆಳಗೆ ಮೂರು ಮಡಿಕೆ ಹಾಕ್ಬಿಡು. ಅವಳು ಬೆಳೆದ ಹಾಗೆ ಒಂದೊಂದೇ ಬಿಚ್ಚಿದ್ರಾಯ್ತು."

ವರ್ಷಗಟ್ಟಲೆ ಊರ ಮಕ್ಕಳಿಗೆಲ್ಲ ಮಡಿಕೆ ಹಾಕಿದವಳಿಗೆ ಇದು ಹೊಳೆದಿರಲಿಲ್ಲ. ಟೈಲರಮ್ಮನಿಗೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಫ್ರಾಕಿನ ಮೈಯನ್ನು ಒಂದೇ ಪಟ್ಟಿಗೆ ಹೊಲಿದು ಮುಗಿಸಿದಳು. "ಮಡಿಕೆ ನಾವೇ ಹಾಕ್ತೀವಿ, ಕೈಹೊಲಿಗೆ ಬರುತ್ತೆ ನಂಗೆ," ಎಂದು ವಟವಟ ಹಠ ಹಿಡಿದಳು. ಶಾಲೆ ತೆರೆಯುವ ಕಾಲ, ಯೂನಿಫಾರ್ಮಿನ ರಾಶಿಯಲ್ಲಿ ತಾಯಿಗೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ಫ್ರಾಕು ಒಳಕೋಣೆಗೆ ಹೋಯಿತು, ಹಿಂದೆಯೇ ಕೆಂಪು ಮತ್ತು ಹಸಿರು ದಾರದ ಉಂಡೆಗಳೂ ಮಾಯವಾದವು. ಗುಂಡ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ಅತ್ತದ್ದಕ್ಕಿಂತ ಹೆಚ್ಚು ಜಂಬ ಕೊಚ್ಚಿಕೊಂಡ.

ಶನಿವಾರ ಸಂಜೆ ಹೊರಬಂದ ಮಡಿಕೆಗಳನ್ನು ನೋಡಿ ಟೈಲರಮ್ಮನ ಜೀವ ಝಲ್ಲೆಂದಿತು. ಒಂದು ಹೊಲಿಗೆ ಮೇಲೆ ಹತ್ತಿತ್ತು, ಇನ್ನೊಂದು ಕೆಳಗೆ ಇಳಿದಿತ್ತು. ಕೈ ತಾನಾಗಿ ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿಯತ್ತ ಹೋಯಿತು. ಕೆಲಸಕ್ಕೆ ಬಂದ ಯಾರ ಸೊಟ್ಟ ಹೊಲಿಗೆಯನ್ನೂ ಅವಳು ಬಿಚ್ಚದೆ ಬಿಟ್ಟದ್ದಿಲ್ಲ.

"ಮುಟ್ಬೇಡ! ತಿರುಗಿಸೀನೂ ನೋಡ್ಬೇಡ!" ವಟವಟ ಅಡ್ಡ ನಿಂತಳು. ಗುಂಡ ಏನೋ ಹೇಳಲು ಬಾಯಿ ತೆರೆದ, ಅಕ್ಕನ ಅಂಗೈ ಅದನ್ನು ಮುಚ್ಚಿತು.

ಟೈಲರಮ್ಮ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು. ದೊಡ್ಡ ಮನಸ್ಸಿನಿಂದಲ್ಲ, ಸ್ಕರ್ಟುಗಳ ರಾಶಿ ಕಾಯುತ್ತಿತ್ತು ಅಷ್ಟೇ.

ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದಾಗ, ತಂಗಿಯ ಮನೆಯಲ್ಲಿ ಮಗು ನಡುಮನೆಯ ನೆಲದ ಮೇಲೆ ಕೂತು ಸೂರು ಹಾರಿಹೋಗುವಂತೆ ಅಳುತ್ತಿತ್ತು. ಬೆಳಗ್ಗೆಯಿಂದ ಯಾರ ಕೈಗೂ ಬಂದಿರಲಿಲ್ಲ. ತಂಗಿ ಎರಡು ಮಾರು ದೂರದಲ್ಲಿ, ಊದಿದ ಕಣ್ಣುಗಳೊಂದಿಗೆ ನೆಲದ ಮೇಲೇ ಕೂತಿದ್ದಳು. ಟೈಲರಮ್ಮ ಚೀಲದಿಂದ ಫ್ರಾಕು ತೆಗೆದು, ದೂರದಿಂದಲೇ ಕಣ್ಣಳತೆ ನೋಡಿದಳು. ಉದ್ದಕಾಲಿನ ಮಗು, ಫ್ರಾಕು ಮೊಣಕಾಲಿಗೂ ಬರುವಂತಿರಲಿಲ್ಲ.

"ಹೊಲೀಬೇಡ ಅಂದಿದ್ನಲ್ಲ," ಎಂದಳು ತಂಗಿ. ಧ್ವನಿ ಒಡೆಯಿತು. "ನೋಡು, ಇದೂ ಆಗಿಬರ್ಲಿಲ್ಲ. ನನ್ನ ಹತ್ರ ಏನೂ ನಿಲ್ಲಲ್ಲ ಅಕ್ಕಾ."

ಟೈಲರಮ್ಮ "ಸುಮ್ನೆ ಹಿಡ್ಕೋ," ಎಂದು ಗದರಿ, ಫ್ರಾಕನ್ನು ತಂಗಿಯ ತೊಡೆಯ ಮೇಲೆ ಹರಡಿ, ಮೊದಲ ಮಡಿಕೆಯ ಹೊಲಿಗೆ ಕತ್ತರಿಸಿದಳು.

ಮಡಿಕೆ ಬಿಚ್ಚಿಕೊಂಡಿತು. ಒಳಗಿನಿಂದ ಕೆಂಪು ದಾರದ ಬೆಕ್ಕೊಂದು ಹೊರಬಂತು.

"ಅಯ್ಯೋ ಅಮ್ಮಾ, ಅದು ಮುಂದಿನ ವರ್ಷದ್ದು!" ವಟವಟ ಚೀರಿದಳು.

"ಐದು ಕಾಲು ಯಾಕೋ ಇದಕ್ಕೆ?" ಟೈಲರಮ್ಮ ಕೇಳಿದಳು.

"ಒಂದು ಸ್ಪೇರ್," ಎಂದ ಗುಂಡ.

ತಂಗಿ ಅಳುತ್ತಿದ್ದವಳು ಕಿಸಕ್ಕನೆ ನಕ್ಕುಬಿಟ್ಟಳು. ಆಗಲೇ ಎಲ್ಲರಿಗೂ ಗೊತ್ತಾದದ್ದು, ಮಗುವಿನ ಅಳು ನಿಂತಿದೆ ಎಂದು. ಅದು ಅಂಬೆಗಾಲಿಡುತ್ತ ಬಂದು ಬೆಕ್ಕಿನ ಮೇಲೆ ಬೆರಳಿಟ್ಟಿತು. ಟೈಲರಮ್ಮ ಎರಡನೆಯ ಮಡಿಕೆ ಬಿಚ್ಚಿದಳು. ಕಣ್ಣಿಗೆ ರೆಪ್ಪೆಗಳಿದ್ದ ಹಸಿರು ಮೀನು. ಅದನ್ನು ಹತ್ತಿರದಿಂದ ನೋಡಲು ಮಗು ತಂಗಿಯ ತೊಡೆಯನ್ನೇ ಹತ್ತಿ ಕೂತಿತು. ತಂಗಿ ಉಸಿರು ಬಿಗಿಹಿಡಿದು, ನಿಧಾನವಾಗಿ, ಅದರ ಬೆನ್ನಿಗೆ ಕೈ ಕೊಟ್ಟಳು. ಮಗು ಕೊಸರಾಡಲಿಲ್ಲ.

ಉದ್ದ ಈಗ ಸರಿಯಾಗಿತ್ತು. ಆದರೆ ಪುಟ್ಟ ಬೆರಳುಗಳು ಮೂರನೆಯ ಮಡಿಕೆಯನ್ನು ಎಳೆಯತೊಡಗಿದ್ದವು.

"ಇದನ್ನೂ ಬಿಚ್ಲೇನೇ?" ಟೈಲರಮ್ಮ ಕೇಳಿದಳು.

ತಂಗಿ ಆ ಪುಟ್ಟ ಕೈಯ ಮೇಲೆ ತನ್ನ ಕೈ ಮುಚ್ಚಿದಳು. "ಬೇಡ ಅಕ್ಕಾ. ಮುಂದಿನ ವರ್ಷಕ್ಕಿರ್ಲಿ."

ನಾಳೆಯ ಮಾತೇ ಬೇಡವೆಂದವಳ ಬಾಯಲ್ಲಿ ಮುಂದಿನ ವರ್ಷದ ಮಾತು. ಟೈಲರಮ್ಮನ ಕಣ್ಣು ತುಂಬಿಬಂತು.

"ಅದರೊಳಗೆ ಏನಿದೆ ಗೊತ್ತಾ ಚಿಕ್ಕಮ್ಮಾ..." ಎಂದು ಗುಂಡ ಶುರುಮಾಡಿದ. ಈ ಸಲ ಅವನ ಬಾಯಿ ಮುಚ್ಚಿದ್ದು ಚಿಕ್ಕಮ್ಮನೇ.